ನುಣುಪು ಮಾಡಿದ ಗೆರೆ

೨೦೦೯ರ ಆಗಸ್ಟ್ ೧೧, ಮಂಗಳವಾರ, ಬೆಳಿಗ್ಗೆ ೯ ಗಂಟೆ ೨೦ ನಿಮಿಷಕ್ಕೆ ನೀರಾವರಿ ಕಚೇರಿಯ ಲೆಕ್ಕದಣ್ಣನ ಕಂಪ್ಯೂಟರಿನಲ್ಲಿ ಅಲೆಯೊಂದಕ್ಕೆ ಹಲ್ಲು ಮೂಡಿತು.

ಅಣೆಕಟ್ಟೆ ಬಿರುಕು ಬಿಟ್ಟಿತ್ತು. ಒತ್ತಡ ಇಳಿಸಲು ಮರುದಿನ ಗೇಟು ತೆರೆದರೆ ಕೆಳಗಿನ ಬೀದಿಯಲ್ಲಿ ನೀರು ಎಷ್ಟೆತ್ತರ ಬರುತ್ತದೆಂದು ಸಂಜೆಯೊಳಗೆ ಹೇಳಬೇಕು. ಕಾಲುವೆಯನ್ನು ತುಂಡುತುಂಡು ಮಾಡಿ, ಒಂದು ತುಂಡು ಬಿಟ್ಟ ನೀರು ಪಕ್ಕದ ತುಂಡಿಗೆ ಸೇರಲೇಬೇಕೆಂಬ ನಿಯಮದ ಮೇಲೆ ಅವನು ಲೆಕ್ಕ ಕಟ್ಟಿದ್ದ. ಆದರೆ ಅಲೆಯ ಕಡಿದಾದ ಮುಖದ ಹತ್ತಿರ ಗ್ರಾಫು, ನೀರಿನಲ್ಲಿ ಇಲ್ಲದ ಹಲ್ಲುಗಳನ್ನು ತಾನೇ ಹುಟ್ಟಿಸಿಕೊಂಡು, ಗರಗಸದಂತೆ ಕುಣಿದು ೧೩೧ ಸೆಂಟಿಮೀಟರ್ ಮುಟ್ಟುತ್ತಿತ್ತು.

ಥೇಟ್ ಸಾಹೇಬರ ಸಹಿ ಎಂದಳು ಟೈಪಿಸ್ಟ್. ಸಾಹೇಬರು ನಗಲಿಲ್ಲ.

“ನುಣ್ಣಗೆ ಮಾಡ್ರಿ. ಇದನ್ನ ನೋಡಿದ್ರೆ ಜನ ಹೆದರ್ತಾರೆ.”

ಅದಕ್ಕೂ ಒಂದು ವಿಧಾನವಿತ್ತು. ಅದು ಅಲೆಯನ್ನು ಹಾಸಿಗೆಯಂತೆ ಹರವಿಬಿಡುತ್ತದೆ. ಒಂದು ಹನಿಯೂ ಕಳೆಯದು, ಎತ್ತರ ಮಾತ್ರ ಸುಳ್ಳೇ ತಗ್ಗುತ್ತದೆ. ೮೮ ಬಂತು.

ಲೆಕ್ಕದಣ್ಣ ಆ ೮೮ನ್ನು ಬಹಳ ಹೊತ್ತು ನೋಡಿದ. ಅವನ ಮನೆಯೂ ಕೆಳಗಿನ ಬೀದಿಯಲ್ಲೇ. ಬಾಗಿಲ ಚೌಕಟ್ಟಿನ ಮೇಲೆ, ೯೭ ಸೆಂಟಿಮೀಟರಿನಲ್ಲಿ, ಒಂದು ಪೆನ್ಸಿಲ್ ಗೆರೆ. ಮಗಳಿಗೆ ಮೂರು ತುಂಬಿದ ದಿನ ನಿಲ್ಲಿಸಿ ಎಳೆದದ್ದು. ನಾಲ್ಕು ತುಂಬಲು ಅವಳು ಉಳಿಯಲಿಲ್ಲ.

ಅಷ್ಟರಲ್ಲಿ ಮನೆಯಿಂದ ಅಕ್ಕನ ಫೋನು. ಇಡೀ ಬೀದಿ ಜಗಲಿಗೆ ಬಂದು ಕೂತಿತ್ತು.

“ಟೈಲರು ಹೊಲಿಗೆ ಮಿಷನ್ನ ಮೇಜಿನ ಮೇಲೆ ಇಟ್ಟಿದಾನೆ ಕಣೋ. ಮೇಜು ತೊಂಬತ್ತು ಇದೆಯಂತೆ. ಸಾಕಾ? ಬೇಗ ಹೇಳು, ಎಲ್ಲಾ ಸೇರಿ ನನ್ನ ತಲೆ ತಿಂತಿದಾರೆ.”

೮೮ನ್ನು ನಂಬಿ ಸಾಕು ಎನ್ನದೆ, ಸಂಜೆ ಹೇಳ್ತೀನಿ ಎಂದು ಫೋನಿಟ್ಟ. ಊಟ ಬಿಟ್ಟು ಮೂರನೆಯ ವಿಧಾನ ಬರೆದ. ಅದು ಅಲೆ ಕಡಿದಾದಲ್ಲಿ ಮಾತ್ರ ಲಗಾಮು ಹಾಕಿ, ಉಳಿದೆಡೆ ಅದನ್ನು ಅದರ ಪಾಡಿಗೆ ಬಿಡುತ್ತದೆ. ನಾಲ್ಕು ನಲವತ್ತಕ್ಕೆ ಹಲ್ಲಿಲ್ಲದ, ಕಡಿದಾದ ಅಲೆ ಸಿಕ್ಕಿತು. ೧೦೪. ಗ್ರಾಫು ನುಣ್ಣಗಿದ್ದುದರಿಂದ ಸಾಹೇಬರು ಸಹಿ ಹಾಕಿದರು.

ಅಕ್ಕನಿಗೆ ಅಂಕಿ ತಿಳಿಸಿ, ಪಕ್ಕದ ಮನೆಯ ಬಡಗಿಯಿಂದ ಚೌಕಟ್ಟು ಕೀಳಿಸಿ ಮೇಲಿನ ಬೀದಿಯ ಅವನ ಅಂಗಡಿಗೆ ಸಾಗಿಸಲು ಹೇಳಿದ. ಏಕೆಂದು ಅಕ್ಕ ಕೇಳಲಿಲ್ಲ. ಬಡಗಿಗೆ ಯಾರೂ ಹೇಳಲಿಲ್ಲ.

ಆರೂವರೆಗೆ ಅಂಗಡಿಗೆ ಹೋದಾಗ ಬಡಗಿ ಮದುವೆಮನೆಯವನಂತೆ ಎದುರುಗೊಂಡ.

“ಬನ್ನಿ ಅಣ್ಣ. ಹೇಗೂ ಕಿತ್ತಿದ್ದೆ, ಗೀಚು ಗೆರೆ ಏನೇನೋ ಇತ್ತು. ಎಲ್ಲಾ ಹತ್ತರಿ ಹೊಡೆದು ನುಣ್ಣಗೆ ಮಾಡಿದೀನಿ. ಕೂಲಿ ಗೀಲಿ ಬೇಡ, ಅಂಕಿ ಹೇಳಿ ನಮ್ಮ ಬೀದೀನೇ ಉಳಿಸಿದೀರಿ.”

ಲೆಕ್ಕದಣ್ಣ ಮರವನ್ನು ಸವರಿ ನೋಡಿದ. ಚೆನ್ನಾಗಿದೆ ಎಂದ. ಆಮೇಲೆ ನೆಲದಲ್ಲಿ ಕೂತು ಹತ್ತರಿಯಿಂದ ಉದುರಿದ ಮರದ ಸಿಪ್ಪೆಯ ಸುರುಳಿಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

ಮರುದಿನ ನೀರು ಇಳಿದ ಮೇಲೆ ಮನೆಯ ಗೋಡೆಯ ಕೆಸರುಗುರುತನ್ನು ಅಳೆದ. ೧೦೪ ಸೆಂಟಿಮೀಟರ್.