ಮೇಸ್ತ್ರಿಯನ್ನು ಕಾದ ದಿನ

ಮನೆಯ ಮುಂದಿನ ಮೂರು ಮೆಟ್ಟಿಲುಗಳಲ್ಲಿ ನಡುವಿನದರ ಮೂಲೆ ಹಲ್ಲಿನಷ್ಟು ಮುಕ್ಕಾಗಿತ್ತು. ಅಷ್ಟೇ. ಹಾಗೇ ಬಿಟ್ಟಿದ್ದರೆ ಇನ್ನಿಪ್ಪತ್ತು ವರ್ಷ ಬಾಳುತ್ತಿತ್ತು. ಆದರೆ ಬೀದಿಯವರೆಲ್ಲ ವಾಚಣ್ಣ ಎಂದು ಕರೆಯುವ ಆ ಮನೆಯ ಯಜಮಾನ ಕೈಗಡಿಯಾರ ರಿಪೇರಿ ಮಾಡುವವನು. ಸಣ್ಣದೊಂದು ಮುಕ್ಕು ಕಂಡರೂ ಅವನಿಗೆ ಊಟ ಸೇರುವುದಿಲ್ಲ. ಮೇಸ್ತ್ರಿಯನ್ನು ಕರೆಸಿದ.

ಮೇಸ್ತ್ರಿ ಬಂದ, ಕುಕ್ಕರುಗಾಲಲ್ಲಿ ಕೂತ, ಮುಕ್ಕಿನೊಳಗೆ ಬೆರಳಾಡಿಸಿದ, ಹಲ್ಲಿನ ಡಾಕ್ಟರ ಹಾಗೆ ನಿಟ್ಟುಸಿರು ಬಿಟ್ಟ.

"ಇದು ತುಂಬೋ ಕೇಸಲ್ಲ ಸಾರ್. ಕೀಳೋ ಕೇಸು."

ನಲವತ್ತು ನಿಮಿಷದಲ್ಲಿ ಮೂರೂ ಮೆಟ್ಟಿಲು ಪುಡಿಯಾಗಿ, ಅವುಗಳ ಜಾಗದಲ್ಲಿ ಒಂದು ಹೊಂಡ ಬಿತ್ತು. ಆಮೇಲೆ "ಒಂದು ಟೀ ಕುಡ್ದು ಬಂದೆ" ಎಂದು ಹೋದ ಮೇಸ್ತ್ರಿ ಇಪ್ಪತ್ತೆರಡು ದಿನ ಬರಲಿಲ್ಲ.

ಆ ಊರಿನ ಮೇಸ್ತ್ರಿಗಳ ಕಟ್ಟಳೆಯೇ ಹಾಗೆ. ಒಪ್ಪಿಕೊಂಡ ದಿನವೇ ಒಡೆದುಬಿಡುವುದು. ಒಡೆದರೆ ಮನೆ ತಮ್ಮದು, ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ. ಒಬ್ಬ ಒಡೆದದ್ದನ್ನು ಇನ್ನೊಬ್ಬ ಮುಟ್ಟುವುದಿಲ್ಲ. ವಾಚಣ್ಣ ಬೇರೆ ನಾಲ್ವರನ್ನು ಕರೆತಂದು ನೋಡಿದ. ನಾಲ್ವರೂ ಹೊಂಡದ ಅಂಚಿನಲ್ಲಿ ಬಗ್ಗಿ, "ಇದು ಅವನ ಕೈ" ಎಂದು ಗುರುತಿಸಿ, ಯಾರದೋ ಖಾಸಗಿ ಕಾಗದ ಓದಿಬಿಟ್ಟವರ ಹಾಗೆ ಮುಜುಗರಪಟ್ಟುಕೊಂಡು ಹೊರಟುಹೋದರು.

ಗಂಡ ಹೆಂಡತಿ ಹೊಂಡದ ಮೇಲೆ ಹಲಗೆಯೊಂದನ್ನು ಹಾಕಿಕೊಂಡು ಓಡಾಡುವುದನ್ನು ಕಲಿತರು. ಅದಕ್ಕೇ ಒಗ್ಗಿಹೋಗುತ್ತಿದ್ದರೋ ಏನೋ. ಅಷ್ಟರಲ್ಲಿ ಮಾವ, ಹೆಂಡತಿಯ ಅಪ್ಪ, ತಮ್ಮ ಮನೆಯಲ್ಲೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ನಾಡಿದ್ದು ಆಸ್ಪತ್ರೆಯಿಂದ ಬಿಡುತ್ತಾರೆ. ಗಾಲಿಕುರ್ಚಿಯಲ್ಲಿ ನೇರವಾಗಿ ಹಿರಿಮಗಳ ಮನೆಗೆ, ಅಂದರೆ ಇಲ್ಲಿಗೆ.

"ನೋಡಿ," ಎಂದಳು ಹೆಂಡತಿ. "ಇವತ್ತು ಕಾಂಕ್ರೀಟು ಬೀಳ್ದೆ ಇದ್ರೆ ನಾನು ಅಪ್ಪನ್ನ ಕರ್ಕೊಂಡು ತಂಗಿ ಮನೆಗೆ ಹೋಗ್ತೀನಿ. ಎರಡು ತಿಂಗಳು. ಅವರು ಎದ್ದು ಓಡಾಡೋವರೆಗೂ."

ತಂಗಿಯ ಮನೆ ಎಂದರೆ ಷಡ್ಡಕನ ಮನೆ. ಅಲ್ಲಿ ಎಲ್ಲವೂ ನಯ: ನೆಲ ನಯ, ಗೋಡೆ ನಯ, ಷಡ್ಡಕನ ಮಾತು ಇನ್ನೂ ನಯ. ಮಾವ ನಿವೃತ್ತ ಹೆಡ್‌ಮಾಸ್ಟರು. ಮದುವೆಯಾದ ವರ್ಷವೇ ಹಿರಿಯಳಿಯನ ಪೇಪರು ತಿದ್ದಿ ಮುಗಿಸಿದ್ದರು: "ಈತ ಗಡಿಯಾರ ಬಿಚ್ತಾನೆ, ಬಾಯಿ ಬಿಚ್ಚಲ್ಲ." ಎರಡು ತಿಂಗಳು ಒಬ್ಬನೇ ಮೊಟ್ಟೆ ಬೇಯಿಸಿಕೊಂಡು ತಿನ್ನುವುದನ್ನು ವಾಚಣ್ಣ ಸಹಿಸಬಲ್ಲ. ಆ ಎರಡು ತಿಂಗಳೂ ಷಡ್ಡಕನ ನಯವಾದ ವರಾಂಡದಲ್ಲಿ ಕೂತು ಮಾವ ತನ್ನ ಹೊಂಡದ ವಿಷಯ ಮಾತಾಡುವುದನ್ನು ಮಾತ್ರ ಸಹಿಸಲಾರ.

ಹಾಗಾಗಿ ಅಂಗಡಿಗೆ ರಜೆ ಹಾಕಿ, ಬೆಳಿಗ್ಗೆ ಆರಕ್ಕೇ ಮೇಸ್ತ್ರಿಯ ಮನೆಗೆ ಹೋಗಿ, ಹಲ್ಲುಜ್ಜುತ್ತಿದ್ದವನನ್ನು ಬ್ರಷ್ಷಿನ ಸಮೇತ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದ.

"ಮೆಟ್ಟಿಲು ಬೇಡ ಸಾರ್, ಗಾಲಿಕುರ್ಚಿಗೆ ಇಳಿಜಾರೇ ಹಾಕೋಣ," ಎಂದ ಮೇಸ್ತ್ರಿ, ನೊರೆ ಉಗಿದು. "ಹಲಗೆ ಕಟ್ಟಿ ಕಂಬಿ ಹಾಕಿರ್ತೀನಿ. ಮೂರು ಗಂಟೆಗೆ ಕಾಂಕ್ರೀಟು ಮಾಲು ಬರುತ್ತೆ. ಇವತ್ತು ಬಿದ್ರೆ ನಾಡಿದ್ದು ಸಾಯಂಕಾಲ ನಿಮ್ಮ ಮಾವನೋರನ್ನ ಜುಂ ಅಂತ ಹತ್ತಿಸಬಹುದು."

ಆ ಹೊತ್ತಿಗೆ ಎದುರುಮನೆ ಆಂಟಿ ಟೀ ಲೋಟ ಹಿಡಿದು ಗೇಟಿನ ಬಳಿ ನಿಂತಾಗಿತ್ತು. ಆಂಟಿ ತಮ್ಮ ಮನೆ ಕಟ್ಟಿಸುವಾಗ ಮೂವರು ಮೇಸ್ತ್ರಿಗಳನ್ನು ಪಳಗಿಸಿದವರು. ಈ ವಿಷಯದಲ್ಲಿ ಬೀದಿಗೆ ಅವರದೇ ಕೊನೆಯ ಮಾತು. ವಾಚಣ್ಣನನ್ನು ಕಣ್ಸನ್ನೆಯಲ್ಲೇ ಪಕ್ಕಕ್ಕೆ ಕರೆದರು.

"ಅಲ್ಲಪ್ಪಾ, ಹಿಡ್ಕೊಂಡು ಬಂದ್ರೆ ಆಯ್ತಾ? ಇಟ್ಕೋಬೇಕಲ್ಲ. ಮೊದ್ಲು ಅವನ ಫೋನ್ ತಗೋ."

"ಕಿತ್ಕೊಳ್ಳೋದಾ ಆಂಟಿ?"

"ಚಾರ್ಜಿಗೆ ಹಾಕ್ತೀನಿ ಕೊಡು ಅನ್ನು. ಯಾರೂ ಬೇಡ ಅನ್ನಲ್ಲ. ಆಫ್ ಮಾಡಿ ಬೀರುವಲ್ಲಿಟ್ಬಿಡು. ಎರಡನೇದು, ಅವನನ್ನ ಹುಡ್ಕೊಂಡು ಯಾರು ಬಂದ್ರೂ ಇಲ್ಲ ಅನ್ನು. ಊರಲ್ಲಿ ಅರ್ಧ ಮನೆ ಅವನೇ ಒಡೆದಿಟ್ಟಿರೋದು. ಬಂದೋರು ಎತ್ತಾಕ್ಕೊಂಡು ಹೋಗ್ತಾರೆ."

"ಸುಳ್ಳು ಹೇಳೋಕೆ ನಂಗೆ ಬರಲ್ಲ ಆಂಟಿ."

"ಗಿರಾಕಿಗಳಿಗೆ ಹೇಳ್ತೀಯಲ್ಲ, ವಾಚು ನಾಳೆ ರೆಡಿ ಅಂತ. ಅದೇ ಬಾಯಲ್ಲಿ ಹೇಳು."

ಫೋನು ಬೀರುವಿನ ತಳದಲ್ಲಿ, ಹೊದಿಕೆಗಳ ಕೆಳಗೆ ಮಲಗಿತು. ಮೇಸ್ತ್ರಿ ನಿಜವಾಗಿಯೂ ಕೆಲಸ ಶುರುಮಾಡಿದ. ಮೊಳೆ ಹೊಡೆಯುವ ಸದ್ದು ವಾಚಣ್ಣನ ಕಿವಿಗೆ ಸಂಗೀತದಂತೆ ಕೇಳಿಸಿತು.

ಹನ್ನೊಂದಕ್ಕೆ ಬೀದಿಯ ತುದಿಯಲ್ಲಿ ಹಾರನ್ನು ಕೂಗಿತು. ನೆತ್ತಿಯ ಮೇಲೆ ಬೋರ್ಡು ಹೊತ್ತ ಡ್ರೈವಿಂಗ್ ಸ್ಕೂಲಿನ ಕಾರು.

"ಸತ್ತೆ," ಎಂದ ಮೇಸ್ತ್ರಿ. "ಡ್ರೈವಿಂಗ್ ಮೇಡಂ." ಮರುಕ್ಷಣವೇ ಅವನು ಹೊಂಡದಲ್ಲಿ ಅಂಗಾತ ಮಲಗಿದ್ದ. ವಾಚಣ್ಣ ಮೇಲಿಂದ ಹಲಗೆ ಎಳೆದ.

ಮೇಡಂ ಇಳಿದು ಬಂದರು. "ಎಲ್ರೀ ಮೇಸ್ತ್ರಿ? ನಿಮ್ಮ ಸ್ಕೂಟರ್ ಹಿಂದೆ ಕೂತಿದ್ದನ್ನ ನೋಡಿದೋರಿದಾರೆ."

"ಬ..ಬಸ್‌ಸ್ಟ್ಯಾಂಡಿಗೆ ಬಿಟ್ಟೆ ಮೇಡಂ."

"ಎರಡು ತಿಂಗಳಾಯ್ತು ಕಣ್ರೀ ನನ್ನ ಕಾರ್ ಶೆಡ್ಡಿನ ನೆಲ ಒಡೆದು. ಕಂಬಿ ಕಟ್ಟಿ ಹಾಗೇ ಬಿಟ್ಟೋಗಿದಾನೆ, ತುಕ್ಕು ಹಿಡೀತಿದೆ. ಇರೋ ಎರಡು ಕಾರೂ ಬೀದೀಲಿ ನಿಂತಿವೆ. ಕಲಿಯೋಕೆ ಬಂದೋರು ಒಂದ್ರಲ್ಲಿ ಹೋಗಿ ಇನ್ನೊಂದಕ್ಕೆ ಗುದ್ದುತಾರೆ. ಅವನೇನಾದ್ರೂ ಸಿಕ್ರೆ ಕಳಿಸಿ. ಕೆರೆ ದಂಡೆ ರಸ್ತೆ, ನೀಲಿ ಗೇಟು."

ಹೇಳುತ್ತ ಹಲಗೆಯ ಮೇಲೆ ಎರಡು ಹೆಜ್ಜೆ ಇಟ್ಟರು. ಹಲಗೆ ಮನುಷ್ಯರ ಹಾಗೆ ನರಳಿತು.

"ಹಳೇ ಹಲಗೆ ಮೇಡಂ. ಬಿಸಿಲಿಗೆ ಹಾಗನ್ನುತ್ತೆ."

ಇದು ವಾಚಣ್ಣನ ಆ ದಿನದ ಮೂರನೆಯ ಸುಳ್ಳು. ಮೊದಲೆರಡಕ್ಕಿಂತ ಚೆನ್ನಾಗಿ ಬಂದಿತ್ತು. ಹನ್ನೆರಡಕ್ಕೆ ಬಚ್ಚಲಿನ ಗೋಡೆ ಕಳೆದುಕೊಂಡ ಮುದುಕರೊಬ್ಬರು ಬಂದಾಗ ಅವನು ಕಣ್ಣು ಮಿಟುಕಿಸದೆ, ಮೇಸ್ತ್ರಿಗೆ ಜ್ವರವೆಂದೂ ಮಾತ್ರೆ ಎಷ್ಟು ಹೊತ್ತಿಗೊಮ್ಮೆ ಎಂದೂ ಹೇಳಿ ಕಳಿಸಿದ. ಎದುರಿನ ಬಾಲ್ಕನಿಯಿಂದ ಆಂಟಿ ಮೆಚ್ಚಿ ತಲೆಯಾಡಿಸಿದರು. ಇಷ್ಟು ವರ್ಷ ಈ ವಿದ್ಯೆಯನ್ನು ಬಿಟ್ಟು ಬರೀ ಸ್ಕ್ರೂ ಬಿಗಿಯುತ್ತ ಕೂತೆನಲ್ಲ ಎನ್ನಿಸಿತು ಅವನಿಗೆ.

ಎರಡೂವರೆಗೆ ಹಲಗೆ ಕಂಬಿ ಎಲ್ಲ ಮುಗಿಯಿತು. ಮೇಸ್ತ್ರಿ ಹೊಟ್ಟೆತುಂಬ ಊಟ ಮಾಡಿ, "ಮಾಲು ಬಂದಾಗ ಎಬ್ಬಿಸಿ ಸಾರ್" ಎಂದು ಹಿತ್ತಲ ಜಗುಲಿಯಲ್ಲಿ ಮಲಗಿ ಗೊರಕೆ ಹೊಡೆದ.

ಮೂರಕ್ಕೆ ಐದು ನಿಮಿಷವಿರುವಾಗ ಒಬ್ಬ ನಡೆದುಕೊಂಡು ಬಂದ. ತಲೆಗೊಂದು ಟೋಪಿ, ಹುಬ್ಬಿನವರೆಗೂ ಬೂದು ಧೂಳು. ಇವನ ಇಡೀ ಮನೆಯನ್ನೇ ಒಡೆದಿರಬೇಕು ಎಂದುಕೊಂಡ ವಾಚಣ್ಣ.

"ಮೇಸ್ತ್ರಿ ಈ ಬೀದೀಲಿದಾರಂತಲ್ಲ ಸಾರ್? ಫೋನ್ ಮಾಡಿ ಮಾಡಿ ಸಾಕಾಯ್ತು. ಸ್ವಿಚ್ ಆಫ್."

"ಇದ್ರು. ಹೋದ್ರು."

"ಎಲ್ಲಿ ಸಿಗ್ತಾರೆ? ಬೇಗ ಸಿಗಬೇಕು ಸಾರ್, ತಡ ಆದ್ರೆ ನನ್ನ ಕೆಲ್ಸ ಹೋಗುತ್ತೆ."

ಪಾಪ ಎನ್ನಿಸಿತು. ಆದರೆ ಮಾವನ ಮುಖ ಕಣ್ಣ ಮುಂದೆ ಬಂತು. ತಟ್ಟನೆ ಬಾಯಿಗೆ ಬಂದದ್ದು ಒಂದೇ ವಿಳಾಸ. "ಕೆರೆ ದಂಡೆ ರಸ್ತೆ, ನೀಲಿ ಗೇಟು. ಇವತ್ತು ಅವರ ಕೆಲಸ ಅಲ್ಲೇ."

"ಗ್ಯಾರಂಟಿನಾ ಸಾರ್?"

"ಕಂಬಿ ಕಟ್ಟಿ ರೆಡಿ ಇಟ್ಕೊಂಡಿದಾರೆ. ನೀವು ಹೋಗೋದೇ ತಡ."

ಅಷ್ಟಕ್ಕೇ ಬಿಡಲಿಲ್ಲ. ಜೇಬಿನಿಂದ ತನ್ನ ಅಂಗಡಿಯ ರಸೀದಿ ತೆಗೆದು ಹಿಂಬದಿಯಲ್ಲಿ ದಾರಿ ಬರೆದುಕೊಟ್ಟ: ಪಂಪ್‌ಹೌಸು, ಎರಡನೇ ತಿರುವು, ನೀಲಿ ಗೇಟಿಗೊಂದು ಅಚ್ಚುಕಟ್ಟಾದ ಗುಣಾಕಾರದ ಗುರುತು. ಆಸಾಮಿ ಕೈಮುಗಿದು ಓಡಿದ. ಮುಖ್ಯರಸ್ತೆಯ ಕಡೆ ಏನೋ ದೊಡ್ಡದು ಗುರುಗುಟ್ಟಿಕೊಂಡು ದೂರವಾಯಿತು.

ಮೂರೂವರೆಯಾಯಿತು. ನಾಲ್ಕಾಯಿತು. ಮೇಸ್ತ್ರಿ ಆಕಳಿಸುತ್ತ ಎದ್ದು ಬಂದ.

"ಮಾಲು ಬಂದಿಲ್ವಾ? ಫೋನ್ ಕೊಡಿ ಸಾರ್, ಕೇಳ್ತೀನಿ."

"ಇನ್ನೂ ಚಾರ್ಜ್ ಆಗಿಲ್ಲ."

"ಬೆಳಿಗ್ಗೆಯಿಂದನಾ? ಏನ್ಸಾರ್, ಕೈಯಲ್ಲಿ ತುಂಬ್ತಾ ಇದೀರಾ?"

ಆಗಲೇ ಹಾರನ್ನು ಮತ್ತೆ ಕೂಗಿದ್ದು. ಅವಿತುಕೊಳ್ಳಲು ಹೊತ್ತಿರಲಿಲ್ಲ, ಹೊಂಡದ ತುಂಬ ಕಂಬಿ. ಆದರೆ ಮೇಡಂ ಮೇಸ್ತ್ರಿಯ ಕಡೆ ನೋಡಲೂ ಇಲ್ಲ. ಸೀದಾ ಬಂದು ವಾಚಣ್ಣನ ಎರಡೂ ಕೈ ಹಿಡಿದುಕೊಂಡರು.

"ನೀವು ದೇವರಂಥೋರು ಕಣ್ರೀ. ಬೆಳಿಗ್ಗೆ ಬಾಯಿಮಾತಿಗೆ ಹೇಳಿ ಹೋದೆ, ಮಧ್ಯಾಹ್ನಕ್ಕೆ ಲಾರೀನೇ ಕಳಿಸಿಬಿಟ್ರಲ್ಲ."

"ಯಾವ ಲಾರಿ?" ಎಂದವನು ಮೇಸ್ತ್ರಿ.

"ಕಾಂಕ್ರೀಟ್ ಲಾರಿ. ಬೆನ್ನ ಮೇಲೆ ಡ್ರಮ್ಮು ತಿರುಗಿಸ್ಕೊಂಡು ಬಂತು. ಮೇಸ್ತ್ರಿ ಇಲ್ವಲ್ಲ ಅಂದೆ. ಡ್ರಮ್ಮಲ್ಲೇ ಗಟ್ಟಿಯಾದ್ರೆ ನನ್ನ ಮನೆಗೆ ಕಳಿಸ್ತಾರೆ ಮೇಡಂ ಅಂತ ಡ್ರೈವರ್ ಸುರಿದೇಬಿಟ್ಟ. ಟೋಪಿಯೋನು. ಇವರು ಕೊಟ್ಟ ಚೀಟಿ ನಂಗೆ ಕೊಟ್ಟು ಹೋದ, ನೋಡಿ."

ಮೇಸ್ತ್ರಿ ಚೀಟಿ ನೋಡಿದ. ಆಮೇಲೆ ವಾಚಣ್ಣನನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯೂ ನೋಡಿದಳು. ಎದುರುಮನೆಯ ಬಾಲ್ಕನಿ ಮಾತ್ರ ಒಮ್ಮೆಲೇ ಖಾಲಿಯಾಗಿತ್ತು.

"ಸಾರ್," ಎಂದ ಮೇಸ್ತ್ರಿ ಮೆಲ್ಲಗೆ. "ಜೀವಮಾನದಲ್ಲಿ ಮೊದಲ ಸಲ ಹೇಳಿದ ಟೈಮಿಗೆ ಮಾಲು ತರಿಸಿದ್ದೆ."

"ಹಾಗಾದ್ರೆ ಇನ್ನೊಂದು ಲಾರಿ..."

"ಇನ್ನು ಮುಂದಿನ ವಾರವೇ. ಈಗ ಬಿಡಿ, ಅಲ್ಲಿ ಗುಡ್ಡೆಯಾಗಿ ಬಿದ್ದಿರುತ್ತೆ, ಹರಡ್ಬೇಕು." ಕರಣೆ, ಮಟ್ಟದ ಪಟ್ಟಿ ಎತ್ತಿಕೊಂಡು, ಬೀರುವಿನಿಂದ ಬಂದ ಫೋನನ್ನು ಜೇಬಿಗೆ ಹಾಕಿಕೊಂಡು ಮೇಡಂ ಕಾರು ಹತ್ತಿದ. ಕಿಟಕಿಯಿಂದ ತಲೆ ಹೊರಹಾಕಿ ಸಮಾಧಾನ ಹೇಳಿದ: "ತಪ್ಪು ತಿಳ್ಕೋಬೇಡಿ ಸಾರ್. ಕಾಂಕ್ರೀಟು ಕಾಯಲ್ಲ. ನೀವಾದ್ರೆ ಕಾಯ್ತೀರ."

ಕೃತಜ್ಞತೆಗೆಂದು ಮೇಡಂ, ಕಾರಿಲ್ಲದ ವಾಚಣ್ಣನಿಗೆ ಹತ್ತು ದಿನದ ಡ್ರೈವಿಂಗ್ ತರಬೇತಿಯ ಪುಕ್ಕಟೆ ಕಾರ್ಡೊಂದನ್ನು ಕೊಟ್ಟು ಹೋದರು.

ಆರು ಗಂಟೆಗೆ ಹೆಂಡತಿ ಅಟ್ಟದಿಂದ ಸೂಟ್‌ಕೇಸು ಇಳಿಸಿ ಧೂಳು ಒರೆಸುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಅವಳು ಅದನ್ನು ಗಂಡನ ಕೈಗಿಟ್ಟಳು.

"ಏನಪ್ಪಾ," ಎಂದರು ಮಾವ. "ನೀನೇ ಮುಂದೆ ನಿಂತು ಕಾಂಕ್ರೀಟು ಹಾಕಿಸ್ತಿದೀಯ ಅಂದ್ಲು ಮಗಳು. ಬಿತ್ತಾ?"

"ಬಿತ್ತು ಮಾವ."

ಆ ಕಡೆ ಹಳೆಯ ಹೆಡ್‌ಮಾಸ್ಟರು ಅಂಕಪಟ್ಟಿ ತೆಗೆದು ಕೆಂಪು ಪೆನ್ನು ಹುಡುಕುತ್ತಿದ್ದಂತಿತ್ತು.

"ಪರವಾಗಿಲ್ವೇ. ನಾನು ಅಂದ್ಕೊಂಡಿರ್ಲಿಲ್ಲ. ಚೆನ್ನಾಗಿ ಬಂದಿದೆಯಾ?"

ವಾಚಣ್ಣ ಬಾಗಿಲಿನಾಚೆ, ಕಂಬಿಗಳ ನಡುವೆ ಬಾಯಿ ತೆರೆದುಕೊಂಡಿದ್ದ ಹೊಂಡವನ್ನು ನೋಡಿದ.

"ತುಂಬ ಚೆನ್ನಾಗಿ ಬಂದಿದೆಯಂತೆ, ಮಾವ."