ಬೋರಲು ಬಕೆಟ್ಟಿನಿಂದ ಇಳಿದ ಕಥೆ

ಮನುಷ್ಯನಿಗೆ ಸಿಂಹಾಸನದ ಆಸೆ ದೊಡ್ಡದೆಂದು ಮೂವತ್ತು ವರ್ಷ ಸಾಲಿಯಲ್ಲಿ ಇತಿಹಾಸ ಕಲಿಸಿದ ನಾನು, ಕೊನೆಗೆ ಹಂಬಲಿಸಿದ್ದು ಬರೀ ನೆಲಕ್ಕೆ. ಎಳ್ಳಮಾವಾಸ್ಯೆಗೆ ಸಾವಳಗಿಯ ನಮ್ಮ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಬೇವಿನ ನೆರಳಿಗೆ ಮನೆಮಂದಿಯೆಲ್ಲ ಚಕ್ಕಳಮಕ್ಕಳ ಹಾಕಿ ಉಣ್ಣಲು ಕೂತರೆ, ನನ್ನ ಹೊಟ್ಟೆಗೂ ಮೊಣಕಾಲಿಗೂ ಒಪ್ಪಂದವಾಗದೆ ನನ್ನನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂಡಿಸುತ್ತಿದ್ದರು. ಅಷ್ಟೆತ್ತರದಿಂದ, ಅಣ್ಣನ ಪಕ್ಕದ ನನ್ನ ಹಳೆಯ ಜಾಗ ಪರದೇಶದಂತೆ ಕಾಣುತ್ತಿತ್ತು.

ಜಮಖಂಡಿಯ ಡಾಕ್ಟರು ರಕ್ತ, ಬಿಪಿ ಎಲ್ಲ ನೋಡಿ ತೂಕ ಇಳಿಸುವ ಗುಳಿಗೆ ಬರೆದುಕೊಟ್ಟರು. ತಿಂದ ಜಿಡ್ಡಿನಲ್ಲಿ ಒಂದಿಷ್ಟನ್ನು ಅದು ಮೈಗೆ ಹತ್ತಗೊಡದೆ ಹಾಗೇ ಹೊರಗೆ ಕಳಿಸುತ್ತದಂತೆ. ಊಟಕ್ಕೆ ಒಂದೇ ಗುಳಿಗೆ, ಎಣ್ಣೆ-ತುಪ್ಪ ಕಡಿಮೆ, ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಮೂರು ತಿಂಗಳಲ್ಲಿ ತೂಕ ಇಳಿಯದಿದ್ದರೆ ಬಂದ್ ಎಂದೂ ಹೇಳಿದರು. ನಾನು ಮನೆಗೆ ತಂದದ್ದು ಜಿಡ್ಡು ಹೊರಗೆ ಹೋಗುವ ಮಾತನ್ನಷ್ಟೇ. ತೇರದಾಳದ ಬೀಗರು ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದಾಗ ಇತಿಹಾಸದ ಮಾಸ್ತರನಿಗೆ ಗಣಿತ ಹೊಳೆಯಿತು: ಎರಡು ಗುಳಿಗೆ ನುಂಗಿದರೆ ಎರಡು ಪಟ್ಟು ತುಪ್ಪ. ವಾಪಸು ಬರುವ ಬಸ್ಸಿನಲ್ಲಿ ಆ ತುಪ್ಪ ನನಗಿಂತ ಮೊದಲು ಇಳಿಯುವ ಆತುರ ತೋರಿಸಿತು. ಕಂಡಕ್ಟರನನ್ನು ಮೂರು ಸಲ ಬೇಡಿಕೊಂಡು ಮೂರು ಸಲ ಕಬ್ಬಿನ ಹೊಲ ಹೊಕ್ಕೆ. ಮೂರನೆಯ ಸಲ ಬಸ್ಸು ಕಾಯಲಿಲ್ಲ.

"ಮಾಸ್ತರ, ನಾ ಗುಳಿಗಿ ಬರದದ್ದು ನಿಮಗರಿ, ನಿಮ್ಮ ತುಪ್ಪಕ್ಕಲ್ಲ," ಎಂದರು ಡಾಕ್ಟರು. ಎರಡು ನುಂಗಿದರೆ ಗುಣ ಹೆಚ್ಚುವುದಿಲ್ಲ, ಫಜೀತಿ ಹೆಚ್ಚುತ್ತದೆ ಎಂದು ಸಣ್ಣ ಮಕ್ಕಳಿಗೆ ಹೇಳಿದಂತೆ ಹೇಳಿದರು. ಅಂದಿನಿಂದ ನಾನು ವಿಧೇಯ ವಿದ್ಯಾರ್ಥಿ. ಹೆಂಡತಿ ತುಪ್ಪದ ಗಿಂಡಿ ಎತ್ತಿದರೆ ಕಿಟಕಿಯಾಚೆ ನೋಡುತ್ತಿದ್ದೆ. ವಾಸನೆಗೆ ಕಿಟಕಿ ಇರಲಿಲ್ಲ.

ಮರುವರ್ಷದ ಎಳ್ಳಮಾವಾಸ್ಯೆಗೆ ನಾನು ನೆಲಕ್ಕೆ ಕೂತೆ, ಯಾರ ಕೈಯನ್ನೂ ಹಿಡಿಯದೆ. ತಲೆ ಎತ್ತಿ ನೋಡಿದರೆ, ಯಾರ ಪಕ್ಕ ಕೂಡಲೆಂದು ವರ್ಷವಿಡೀ ತುಪ್ಪ ಬಿಟ್ಟಿದ್ದೆನೋ ಆ ಅಣ್ಣ ಬಕೆಟ್ಟಿನ ಮೇಲಿದ್ದ. ಅವನ ಮೊಣಕಾಲುಗಳೂ ಮುಷ್ಕರ ಹೂಡಿದ್ದವು.

"ಲೇ ತಮ್ಮಾ, ನಿನ್ನ ಗುಳಿಗಿ ನನಗೂ ನಾಕು ಕೊಡಲೇ," ಎಂದ.

"ಕೊಡಾಕ ಬರೂದಿಲ್ಲಣ್ಣ. ನೀ ಮೊದಲ ಬಿಪಿ ಗುಳಿಗಿ ತಗೊಳ್ಳಾಂವ. ಸೋಮವಾರ ನಾನೇ ಡಾಕ್ಟರ ಕಡೆ ಕರಕೊಂಡ ಹೋಗ್ತೀನಿ."

ಒಬ್ಬರ ಔಷಧ ಇನ್ನೊಬ್ಬರಿಗೆ ಹೇಗೆ ವಿಷವಾದೀತೆಂದು ನಾನು ಗಂಭೀರವಾಗಿ ಉಪದೇಶಿಸುತ್ತಿರುವಾಗ, ಅವನ ಕೈಯ ಹೋಳಿಗೆಯಿಂದ ತುಪ್ಪದ ಹನಿಯೊಂದು ನನ್ನ ತಾಟಿನ ಅಂಚಿಗೆ ಬಿತ್ತು. ತಾಟನ್ನು ಸರಿಸುವುದು ನನ್ನ ಕರ್ತವ್ಯವಾಗಿತ್ತು. ಸರಿಸಿದೆ, ಇನ್ನೊಂದು ಗೇಣು ಅವನ ಕಡೆಗೆ.