ಎರಡನೆಯ ಭಾನುವಾರ ಎದ್ದು ನಿಂತ ಮೊಣಕಾಲು

ಟಕ್. ಕಾನ್ವೆಂಟಿನ ಚಾಪೆಲ್‌ನಲ್ಲಿ ನಮ್ಮ ಸಿಸ್ಟರ್ ಕೈಯಲ್ಲಿ ಮರದ ಒಂದು ಕ್ಲಿಕ್ಕರ್ ಇರುತ್ತಿತ್ತು. ಒಂದು ಟಕ್ ಎಂದರೆ ಮಂಡಿಯೂರಬೇಕು, ಇನ್ನೊಂದಕ್ಕೆ ಏಳಬೇಕು, ಮತ್ತೊಂದಕ್ಕೆ ಕೂರಬೇಕು. ಡಿಸಿಪ್ಲಿನ್ ಎಂಬ ಪದವನ್ನು ಡಿಕ್ಷನರಿಯಲ್ಲಿ ನೋಡುವ ಮೊದಲೇ ನಾನು ಕಿವಿಯಲ್ಲಿ ಕಲಿತಿದ್ದೆ. ಈಗ ಸಿಸ್ಟರೂ ಇಲ್ಲ, ಕ್ಲಿಕ್ಕರೂ ಇಲ್ಲ. ಆ ಸದ್ದನ್ನು ನನ್ನ ಬಲ ಮೊಣಕಾಲು ಮುಂದುವರಿಸಿಕೊಂಡು ಹೋಗುತ್ತಿದೆ. ಈ ಕಾಲಿನ ದೆಸೆಯಿಂದ ಮೊನ್ನೆ ಪಕ್ಕದ ಮನೆಯ ಹುಡುಗಿಯ ಮದುವೆ ಮುರಿದು ಬೀಳುವುದರಲ್ಲಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಿಸುವ ಶಕ್ತಿಯೂ ನನಗೆ ಉಳಿದಿಲ್ಲ. ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಬ್ಯಾನ್ಸ್ ಎಂದು ಅದರ ಹೆಸರು. ಮದುವೆಗೆ ಅಡ್ಡಿಯೇನಾದರೂ ಉಂಟೆಂದು ಗೊತ್ತಿದ್ದವರು ತಿಳಿಸಬೇಕು. ಎಂಟುನೂರು ವರ್ಷಗಳ ಹಿಂದೆ ರೋಮಿನ ಲ್ಯಾಟರನ್ ಎಂಬಲ್ಲಿ ಬಿಷಪ್ಪರೆಲ್ಲ ಮಹಾಸಭೆ ಸೇರಿ ಇದನ್ನು ಎಲ್ಲ ಕಡೆಗೂ ಕಾನೂನು ಮಾಡಿದರು. ಪಾದ್ರಿಗಳು ಸುಮ್ಮನೆ ಹೆಂಡದಂಗಡಿಗೆ ಹೋಗಬಾರದು, ವರ್ಷಕ್ಕೊಮ್ಮೆಯಾದರೂ ಎಲ್ಲರೂ ಕನ್ಫೆಶನ್ ಮಾಡಬೇಕು ಎಂದು ಹೇಳಿದವರೂ ಅವರೇ. ಅದಕ್ಕೆ ಮೊದಲು ಏಳು ತಲೆಮಾರಿನೊಳಗೆ ರಕ್ತಸಂಬಂಧವಿದ್ದರೆ ಮದುವೆ ಕೂಡದು ಎಂದಿತ್ತು. ನಮ್ಮ ಬಂಟ್ವಾಳದಲ್ಲಿ ಆ ಲೆಕ್ಕ ಹಿಡಿದರೆ ಹೆಣ್ಣು ನೋಡಲು ಹಡಗು ಹತ್ತಬೇಕು. ಸಭೆಯವರು ಕನಿಕರಪಟ್ಟು ಏಳನ್ನು ನಾಲ್ಕಕ್ಕೆ ಇಳಿಸಿದರು. ನಾಲ್ಕೇ ಏಕೆಂದರೆ ಮನುಷ್ಯನ ದೇಹದಲ್ಲಿ ನಾಲ್ಕು ರಸಗಳಿವೆಯಂತೆ. ಆ ನಾಲ್ಕರಲ್ಲಿ ಒಂದೂ ನನ್ನ ಮೊಣಕಾಲಿನವರೆಗೆ ಬಂದು ತಲುಪಿಲ್ಲ.

ಪಕ್ಕದ ಮನೆಯ ಸೆವ್ರಿನ್ ಬಾಯಿಯ ಮಗಳು ಪ್ರೀಮಾಳಿಗೆ ಬೆಳ್ತಂಗಡಿಯ ಹುಡುಗನೊಡನೆ ಮದುವೆ ಗೊತ್ತಾಗಿತ್ತು. ಎರಡನೆಯ ಭಾನುವಾರ ಫಾದರ್ "ಅಡ್ಡಿಯೇನಾದರೂ" ಎನ್ನುವ ಹೊತ್ತಿಗೆ ಸರಿಯಾಗಿ ನನ್ನ ಕಾಲು ಹಿಡಿದುಕೊಂಡಿತು. ಹಿಡಿದುಕೊಂಡರೆ ಕೂಡಲೇ ಎದ್ದು ನಿಲ್ಲಬೇಕೆಂದು ಡಾಕ್ಟರ ಅಪ್ಪಣೆ. ಟಕ್ ಎಂದು ಎದ್ದು ನಿಂತೆ. ಇಡೀ ಇಗರ್ಜಿ ತಿರುಗಿ ನೋಡಿತು. ತಕ್ಷಣ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಾನ್ವೆಂಟಿನಲ್ಲಿ ಕಲಿತವಳು ಸದ್ದಾಗದೆ ಕೂರುತ್ತಾಳೆಯೇ? ಕಾಲು ಇನ್ನೊಮ್ಮೆ ಟಕ್ ಎನ್ನಲಿ ಎಂದು ನಿಂತೇ ಇದ್ದೆ.

"ಟೀಚರ್, ಕೂತುಕೊಳ್ಳಿ, ಆಮೇಲೆ ಮಾತಾಡುವ" ಎಂದರು ಫಾದರ್. ಆ "ಆಮೇಲೆ ಮಾತಾಡುವ" ಎಂಬುದೇ ಅನಾಹುತ ಮಾಡಿತು.

ಪೂಜೆ ಮುಗಿದ ಮೇಲೆ ಒಳಗೆ ಕರೆದು, "ಏನು ಅಡ್ಡಿ ಟೀಚರ್?" ಎಂದು ಕೇಳಿದರು.

"ಮೊಣಕಾಲು, ಫಾದರ್."

ಅವರು ನಂಬಿದರು. ಸೆವ್ರಿನ್ ಬಾಯಿ ನಂಬಲಿಲ್ಲ. ಮಧ್ಯಾಹ್ನ ಮಗಳನ್ನು ಕರೆದುಕೊಂಡೇ ಬಂದಳು.

"ಏನು ಗೊತ್ತುಂಟು, ಈಗಲೇ ಹೇಳಿ ಟೀಚರ್. ಹುಡುಗ ಕುಡೀತಾನಾ?"

"ನನಗೆ ಹುಡುಗನ ಹೆಸರೇ ನೆನಪಿಲ್ಲ ಮಾರಾಯ್ತಿ. ಕಾಲು ಹಿಡ್ಕೊಂಡಿತು."

"ಮೊದಲನೇ ಭಾನುವಾರ ಹಿಡಿಯದ್ದು ಎರಡನೇ ಭಾನುವಾರ ಹಿಡೀತಾ? ಅದೂ ಸರಿಯಾಗಿ ಆ ಮಾತಿಗೆ?"

ಪ್ರೀಮಾ ಬಾಗಿಲಿಗೆ ಒರಗಿ ನಿಶ್ಚಿತಾರ್ಥದ ಉಂಗುರವನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತಿದ್ದಳು. ಅವಳನ್ನು ನೋಡುತ್ತ ನನಗೆ ಕಾಲುನೋವು ಮರೆತುಹೋಯಿತು. ಅದು ಒಳ್ಳೆಯ ಲಕ್ಷಣವಲ್ಲ.

ಅಷ್ಟರಲ್ಲಿ ಸುದ್ದಿ ಬೆಳ್ತಂಗಡಿಗೆ ಮುಟ್ಟಿತ್ತು. ಟೀಚರ್ ಸುಮ್ಮನೆ ಎದ್ದು ನಿಲ್ಲುವವರಲ್ಲ ಎಂದು ಹುಡುಗನ ತಾಯಿ ವಂಶವನ್ನೆಲ್ಲ ಕೆದಕಿ, ಕಕ್ಕಿಂಜೆಯಲ್ಲಿದ್ದ ತನ್ನ ಅತ್ತೆಯನ್ನು ವಿಚಾರಿಸಿ, ಹುಡುಗನಿಗೂ ಹುಡುಗಿಗೂ ಮುತ್ತಜ್ಜ ಒಬ್ಬನೇ ಎಂದು ಪತ್ತೆಮಾಡಿದರು. ಮರುದಿನ ನನಗೆ ಆಕೆಯ ಫೋನು ಬಂತು.

"ನಿಮಗಿದು ಮೊದಲೇ ಗೊತ್ತಿತ್ತಲ್ಲ ಟೀಚರ್. ಮೂರನೇ ಸಲ ಓದುವುದು ಬೇಡ ಅಂತ ಕಾಣ್ತದೆ ನನಗೆ. ದೇವರೇ ನಿಮ್ಮನ್ನು ಎಬ್ಬಿಸಿದ್ದು."

"ದೇವರಲ್ಲ ಬಾಯಿ, ವಾತ" ಎಂದೆ. ಆಮೇಲೆ ಲ್ಯಾಟರನ್ನಿನಿಂದ ಶುರುಮಾಡಿದೆ. ಏಳು ನಾಲ್ಕಾಯಿತು, ನಾಲ್ಕು ಮೂರಾಯಿತು, ಈಗ ತಡೆ ಇರುವುದು ಒಡಹುಟ್ಟಿದವರ ಮಕ್ಕಳವರೆಗೆ. ಮುತ್ತಜ್ಜ ಒಬ್ಬನೇ ಆದರೆ ಇಗರ್ಜಿಗೆ ಚಿಂತೆಯಿಲ್ಲ ಎಂದು ವಿವರಿಸಿದೆ.

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು? ಸೆಮಿನರಿಯಲ್ಲಿ ಕಲ್ತದ್ದಾ?"

"ಅಲ್ಲ. ನನಗೂ ಒಮ್ಮೆ ಲೆಕ್ಕ ಹಾಕಿದ್ದಾರೆ."

ಹೇಳಬೇಕಾಯಿತು. ನನ್ನ ಹೆಸರನ್ನೂ ಮೂಡುಬಿದಿರೆಯ ಆಲ್ಬನ್ನನ ಹೆಸರನ್ನೂ ಎರಡು ಭಾನುವಾರ ಓದಿದ್ದರು. ಆಗ ಮೂರು ತಲೆಮಾರಿನ ನಿಯಮ. ಯಾರಿಗೋ ನಮ್ಮಿಬ್ಬರ ಮುತ್ತಜ್ಜ ನೆನಪಾದ. ಬಿಷಪ್ಪರು ಡಿಸ್ಪೆನ್ಸೇಶನ್, ಅಂದರೆ ನಿಯಮದಿಂದ ವಿನಾಯಿತಿ, ಕೊಡುತ್ತಾರೆ, ಕೇಳಿದರೆ ಸಾಕು ಎಂದು ಫಾದರ್ ಹೇಳಿದರೂ ಅವನ ತಾಯಿ "ಇದು ದೇವರ ಬೆರಳು" ಎಂದರು. ಬೆರಳು ತೋರಿಸಿದ ಕಡೆ ಅವನೂ ಹೋದ. ಕೆಲವು ವರ್ಷಗಳ ಮೇಲೆ ರೋಮಿನವರು ಆ ನಿಯಮವನ್ನೇ ಸಡಿಲಿಸಿದರು. ನನಗೆ ಒಂದು ಪೋಸ್ಟ್‌ಕಾರ್ಡನ್ನೂ ಯಾರೂ ಹಾಕಲಿಲ್ಲ.

ಫೋನಿನ ಆಚೆ ಕಡೆ ಕುಕ್ಕರ್ ಕೂಗಿತು.

"ಓದಲಿ" ಎಂದರು ಆಕೆ. "ಆದರೆ ಟೀಚರ್, ಆ ದಿನ ನೀವು ಕಾಲಿಗೆ ಎಣ್ಣೆ ಹಚ್ಕೊಂಡು ಹೋಗಿ."

ಮೂರನೆಯ ಭಾನುವಾರ ಸೆವ್ರಿನ್ ಬಾಯಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಹೆಸರು ಓದಿ ಮುಗಿಯುವವರೆಗೆ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಕಾಲು ತುಟಿಪಿಟಕ್ಕೆನ್ನಲಿಲ್ಲ. ಮುಂದಿನ ಬೆಂಚಿನಿಂದ ಪ್ರೀಮಾ ಒಮ್ಮೆ ತಿರುಗಿ ನೋಡಿ ನಕ್ಕಳು. ಎಷ್ಟೋ ಜೋಡಿಗಳ ಮೂರನೆಯ ಓದನ್ನು ಕೇಳಿದ್ದೇನೆ. ಕಿವಿಗೊಟ್ಟು ಕೇಳಿದ್ದು ಇದೊಂದನ್ನೇ.

ಆಲ್ಬನ್ನನನ್ನು ನಾನು ಕೊನೆಯ ಸಲ ನೋಡಿದ್ದು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ. ತಲೆ ಪೂರ್ತಿ ನರೆತಿತ್ತು. ಪಕ್ಕದಲ್ಲಿ ಹೆಂಡತಿ ಇದ್ದಳು. "ಇವಳು ಸಂಬಂಧದಲ್ಲಿ ನನಗೆ ತಂಗಿಯಾಗಬೇಕು" ಎಂದು ನನ್ನನ್ನು ಅವಳಿಗೆ ಪರಿಚಯಿಸಿದ. ಸುಳ್ಳಲ್ಲ, ಲೆಕ್ಕ ಹಿಡಿದವರು ಅವರ ಮನೆಯವರೇ. ನಾನು "ಪ್ಲೀಸ್ಡ್ ಟು ಮೀಟ್ ಯೂ" ಎಂದು ಹೇಳಿ, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದು, ಎದುರಿಗೆ ಕಂಡ ಬಸ್ಸು ಹತ್ತಿದೆ.

"ಅಮ್ಮಾ, ಇದು ಬಂಟ್ವಾಳಕ್ಕೆ ಅಲ್ಲ, ವಾಮದಪದವಿಗೆ" ಎಂದ ಕಂಡಕ್ಟರ್.

"ಗೊತ್ತುಂಟು" ಎಂದು ಟಿಕೆಟ್ ತೆಗೆದುಕೊಂಡೆ. ಅವರಿಬ್ಬರು ಇನ್ನೂ ಅಲ್ಲೇ ನಿಂತಿದ್ದರು, ಇಳಿಯುವಂತಿರಲಿಲ್ಲ. ವಾಮದಪದವಿನಲ್ಲಿ ನನಗೆ ಯಾವ ತಲೆಮಾರಿನ ಸಂಬಂಧಿಕರೂ ಇಲ್ಲ.